ಹಬ್ಬದ ಪಲ್ಯ, ಎಣ್ಣೆಗಾಯಿ, ಕೋಸಂಬರಿಗೆ ಗೋಡಂಬಿ–ಕಡಲೆಬೀಜ: ಯಾವಾಗ ಹಾಕಬೇಕು, ಹೇಗೆ ಹಾಕಬೇಕು

ಹಬ್ಬದ ಅಡುಗೆಯಲ್ಲಿ ಪಲ್ಯಕ್ಕೆ ಬೀಜ ಹಾಕುವವರ ದೂರು ಹೆಚ್ಚುಕಡಿಮೆ ಮೂರೇ. ಎಲೆಗೆ ಬರುವ ಹೊತ್ತಿಗೆ ಗೋಡಂಬಿ ನೀರು ಕುಡಿದು ಜಗಿಯುವ ಹಾಗಾಯಿತು. ಒಗ್ಗರಣೆಯಲ್ಲೇ ಸೀದು ಇಡೀ ಪಲ್ಯ ಕಹಿಯಾಯಿತು. ಬೆಳಗ್ಗೆ ಚೆನ್ನಾಗಿದ್ದ ಎಣ್ಣೆಗಾಯಿ ಮಧ್ಯಾಹ್ನಕ್ಕೆ ಮುದ್ದೆಯಾಗಿ ಸೌಟಿಗೆ ಅಂಟಿಕೊಂಡಿತು.

ದುಬಾರಿ ಗೋಡಂಬಿ ತಂದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗಲ್ಲ. ಮೂರೂ ಕೆಡುವುದು ಹಾಕುವ ಹೊತ್ತು ತಪ್ಪಿದಾಗ. ಹಬ್ಬದ ದಿನ ಇನ್ನೂ ಜಾಸ್ತಿ, ಏಕೆಂದರೆ ಪಲ್ಯ ಇಳಿಸಿದ ಮೇಲೆ ಪೂಜೆ, ನೈವೇದ್ಯ, ಮಂಗಳಾರತಿ ಎಲ್ಲ ಮುಗಿದು ಎಲೆ ಹಾಕುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ದಿನನಿತ್ಯದ ಅಳತೆ ಅಲ್ಲಿ ನಡೆಯುವುದಿಲ್ಲ.

ಹಂತ 1: ಗರಿಗರಿಯೋ, ಮೆತ್ತಗೋ, ಪುಡಿಯೋ?

ಬಾಣಲೆ ಇಡುವ ಮೊದಲೇ ಇದು ತೀರ್ಮಾನ ಆಗಬೇಕು. ಮುಂದಿನ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ಗರಿಗರಿಯಾಗಿ ಸಿಗಬೇಕು ಅಂದರೆ ಬೀಜವನ್ನು ಬೇರೆ ಹುರಿದು, ಆರಿಸಿ, ಬಡಿಸುವ ಮುಂಚೆ ಸೇರಿಸಬೇಕು. ಹುರುಳಿಕಾಯಿ ಪಲ್ಯ, ಎಲೆಕೋಸಿನ ಪಲ್ಯ, ಕೋಸಂಬರಿ ಈ ಗುಂಪಿಗೆ ಸೇರುತ್ತವೆ.

ಮೆತ್ತಗೆ, ಬೆಣ್ಣೆಯ ಹಾಗೆ ಇರಬೇಕು ಅಂದರೆ ಬೀಜವನ್ನು ನೆನೆಸಿ ತರಕಾರಿಯ ಜೊತೆಗೇ ಬೇಯಿಸಬೇಕು. ಕರಾವಳಿಯ ಕೊಂಕಣಿ ಮನೆಗಳ ತೊಂಡೆಕಾಯಿ–ಗೋಡಂಬಿ ಉಪ್ಕರಿ (ಒಗ್ಗರಣೆ ಹಾಕಿದ ಪಲ್ಯ) ಹೀಗೇ ಆಗುವುದು. ಹುರಿದ ಗೋಡಂಬಿ ಅದಕ್ಕೆ ಹೊಂದುವುದೇ ಇಲ್ಲ.

ಪುಡಿಯಾದರೆ ಅದು ಮಸಾಲೆಯ ಭಾಗ. ನೀರು ಹೀರುತ್ತದೆ, ಎಣ್ಣೆ ಬಿಡುತ್ತದೆ, ಗೊಜ್ಜನ್ನು ಗಟ್ಟಿ ಮಾಡುತ್ತದೆ. ಉತ್ತರ ಕರ್ನಾಟಕದ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಪುಡಿ ಹಾಕಿದ ಪಚಡಿ ಇದಕ್ಕೆ ಉದಾಹರಣೆ.

ನೆನೆಸದೆ, ಹುರಿಯದೆ ಹಸಿ ಒಣಬೀಜವನ್ನು ಬೇಯುತ್ತಿರುವ ಪಲ್ಯಕ್ಕೆ ಸುಮ್ನೆ ಎಸೆದರೆ ಮೂರರಲ್ಲಿ ಒಂದೂ ಆಗುವುದಿಲ್ಲ. ಅರ್ಧ ಬೆಂದು, ಅರ್ಧ ಗಟ್ಟಿಯಾಗಿ ಉಳಿಯುತ್ತದೆ. ಅತಿ ಹೆಚ್ಚು ಜನ ಮಾಡುವ ತಪ್ಪು ಇದೇ.

ಇನ್ನೊಂದು ಮಾತು. ಒಂದು ಊಟದಲ್ಲಿ ಎಲ್ಲ ಪದಾರ್ಥಕ್ಕೂ ಗೋಡಂಬಿ ಬೇಡ. ಪಾಯಸದಲ್ಲಿ ಇದೆ, ಚಿತ್ರಾನ್ನದಲ್ಲಿ ಕಡಲೆಬೀಜ ಇದೆ. ಪಲ್ಯಗಳಲ್ಲಿ ಒಂದಕ್ಕೆ ಹಾಕಿದರೆ ಸಾಕು, ಅದು ಎದ್ದು ಕಾಣುತ್ತದೆ.

ಹಂತ 2: ಕೊಳ್ಳುವುದು ಮತ್ತು ಆರಿಸುವುದು

ಪಲ್ಯಕ್ಕೆ ಇಡೀ ಗೋಡಂಬಿ ಬೇಕಿಲ್ಲ. ಅಂಗಡಿಯಲ್ಲಿ ಕಾಣುವ ಡಬ್ಲ್ಯೂ 320, ಡಬ್ಲ್ಯೂ 240 ಎಂಬ ಗುರುತು ಗಾತ್ರಕ್ಕೆ ಸಂಬಂಧಿಸಿದ್ದು. 320 ಅಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಬೀಜ. ಸಂಖ್ಯೆ ಕಡಿಮೆಯಾದಷ್ಟೂ ಬೀಜ ದಪ್ಪ, ಬೆಲೆ ಜಾಸ್ತಿ. ರುಚಿಗೂ ಇದಕ್ಕೂ ಸಂಬಂಧ ಇಲ್ಲ. ಉದ್ದಕ್ಕೆ ಸೀಳಿದ ಎರಡು ಹೋಳಿನ ಗೋಡಂಬಿ ತನ್ನಿ. ಬೆಲೆ ಕಡಿಮೆ, ಸಮನಾಗಿ ಹುರಿಯುತ್ತದೆ, ಎಲ್ಲರ ಎಲೆಗೂ ಬೀಳುತ್ತದೆ. ತೀರಾ ಚಿಕ್ಕ ನುಚ್ಚು ಮಾತ್ರ ಬೇಡ. ದೊಡ್ಡ ಚೂರು ಬಣ್ಣ ತಿರುಗುವ ಮೊದಲೇ ನುಚ್ಚು ಸೀದಿರುತ್ತದೆ.

ಹೊರದೇಶದಲ್ಲಿರುವವರು ಡಬ್ಬದ ಹುರಿದ, ಉಪ್ಪು ಹಾಕಿದ ಗೋಡಂಬಿಯನ್ನು ಪಲ್ಯಕ್ಕೆ ಹಾಕಬೇಡಿ. ಉಪ್ಪಿನ ಲೆಕ್ಕ ತಪ್ಪುತ್ತದೆ, ಮತ್ತೆ ಹುರಿದರೆ ಕಹಿಯಾಗುತ್ತದೆ. ಹುರಿಯದ, ಉಪ್ಪಿಲ್ಲದ ಬೀಜ ಅಂತ ನೋಡಿ ತನ್ನಿ.

ಗೋಡಂಬಿಯಲ್ಲಿ 100 ಗ್ರಾಂಗೆ ಸುಮಾರು 44 ಗ್ರಾಂ, ಕಡಲೆಬೀಜದಲ್ಲಿ ಸುಮಾರು 49 ಗ್ರಾಂ ಕೊಬ್ಬಿರುತ್ತದೆ. ಗಾಳಿ, ಬೆಳಕು, ಸೆಕೆಗೆ ಆ ಎಣ್ಣೆ ಕೆಡುತ್ತದೆ. ಹಾಗಾಗಿ ಹೋದ ಹಬ್ಬಕ್ಕೆ ತಂದು ಉಳಿದಿದ್ದನ್ನು ಬಳಸುವ ಮೊದಲು ಒಂದು ಬೀಜ ಬಾಯಿಗೆ ಹಾಕಿ ನೋಡಿ. ಹಳೆ ಎಣ್ಣೆಯ ಕಮಟು, ನಾಲಿಗೆಯ ತುದಿಗೆ ಚುರುಕು ಬಂದರೆ ಎಸೆಯಿರಿ. ಹುರಿದರೆ ಕಮಟು ಹೋಗುವುದಿಲ್ಲ, ಮನೆಯೆಲ್ಲ ಹರಡುತ್ತದೆ ಅಷ್ಟೆ.

ಕಡಲೆಬೀಜವನ್ನು ಮೊರಕ್ಕೆ ಹಾಕಿ ಆರಿಸಲೇಬೇಕು. ಸುಕ್ಕುಗಟ್ಟಿದ, ಕಪ್ಪಾದ, ಬೂಸ್ಟು ಹಿಡಿದ ಬೀಜ ಇದ್ದರೆ ತೆಗೆಯಿರಿ. ತುಂಬ ಇದ್ದರೆ ಆ ಪೊಟ್ಟಣವನ್ನೇ ಬಿಡಿ. ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಮನೆಯಲ್ಲಿ ಹುರಿದರೆ ಪೂರ್ತಿ ಹೋಗುವುದಿಲ್ಲ.

ಯುಗಾದಿಯ ಆಸುಪಾಸಿನಲ್ಲಿ ಕರಾವಳಿಯಲ್ಲಿ ಹಸಿ ಗೋಡಂಬಿ ಸಿಗುತ್ತದೆ. ಸಿಕ್ಕರೆ ಬಿಡಬೇಡಿ. ಆದರೆ ಸಿಪ್ಪೆ ಒಡೆದು ತೆಗೆದಿದ್ದನ್ನೇ ಕೊಳ್ಳಿ. ಹಸಿ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಮನೆಯಲ್ಲೇ ಒಡೆಯುವುದಿದ್ದರೆ ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಕೈಗವಸು ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಮಾಡಿ. ಒಳಗಿನ ತೆಳು ಪೊರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಸುಲಭವಾಗಿ ಜಾರುತ್ತದೆ.

ಹಂತ 3: ಬೇಕಾದ ಸಾಮಾನು

ದಪ್ಪ ತಳದ ಬಾಣಲೆ, ಜಾಲರಿ ಸೌಟು, ಅಗಲವಾದ ಎರಡು ಸ್ಟೀಲ್ ತಟ್ಟೆ, ಗಾಳಿಯಾಡದ ಡಬ್ಬ, ಒಣಗಿದ ಮಿಕ್ಸಿ ಜಾರ್. ತಟ್ಟೆಗಳನ್ನು ಒಲೆ ಹಚ್ಚುವ ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಗೋಡಂಬಿ ಬಣ್ಣ ತಿರುಗಿದ ಮೇಲೆ ತಟ್ಟೆ ಹುಡುಕಲು ಹೋದರೆ ಮುಗಿಯಿತು.

ಹಂತ 4: ಹುರಿಯುವುದು

ಕಡಲೆಬೀಜವನ್ನು ಹಬ್ಬದ ಹಿಂದಿನ ದಿನವೇ ಹುರಿಯಬಹುದು. ತುಪ್ಪದ ಗೋಡಂಬಿಯನ್ನು ಹಬ್ಬದ ದಿನ ಬೆಳಗ್ಗೆ ಹುರಿದರೆ ಚೆನ್ನ. ಎರಡನ್ನೂ ಒಟ್ಟಿಗೆ ಒಂದೇ ಬಾಣಲೆಗೆ ಹಾಕಬೇಡಿ. ಕಡಲೆಬೀಜ ಒಳಗಿನವರೆಗೆ ಬೇಯುವಷ್ಟರಲ್ಲಿ ಗೋಡಂಬಿ ಇದ್ದಿಲಾಗುತ್ತದೆ.

*ಗೋಡಂಬಿ.* 60 ಗ್ರಾಂ ಗೋಡಂಬಿ ಹೋಳುಗಳಿಗೆ ಎರಡು ಚಮಚ ತುಪ್ಪ. ತುಪ್ಪ ಕರಗಿ ಬೆಚ್ಚಗಾದ ತಕ್ಷಣ ಗೋಡಂಬಿ ಹಾಕಿ, ಹೊಗೆಯಾಡುವವರೆಗೆ ಕಾಯಬೇಡಿ. ಉರಿ ಸಣ್ಣಗಿರಲಿ. ಮೂರರಿಂದ ನಾಲ್ಕು ನಿಮಿಷ ಕೈ ಬಿಡದೆ ಆಡಿಸಿ. ಮೊದಲ ಎರಡು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಅಲ್ಲೇ ಉರಿ ಜಾಸ್ತಿ ಮಾಡುವುದು, ಅಲ್ಲೇ ಸೀಯುವುದು. ಅಂಚುಗಳು ಗೋಧಿ ಬಣ್ಣಕ್ಕೆ ತಿರುಗಿ, ಬೆನ್ನು ಇನ್ನೂ ಬೆಳ್ಳಗಿದೆ ಎನ್ನುವಾಗಲೇ ಜಾಲರಿ ಸೌಟಿನಿಂದ ತಟ್ಟೆಗೆ ತೆಗೆಯಿರಿ. ಒಳಗಿನ ಶಾಖಕ್ಕೆ ತಟ್ಟೆಯಲ್ಲೂ ಬಣ್ಣ ಏರುತ್ತಲೇ ಇರುತ್ತದೆ. ಬಾಣಲೆಯಲ್ಲೇ ಹೊಂಬಣ್ಣ ಬರಲಿ ಅಂತ ಕಾದರೆ ತಟ್ಟೆಗೆ ಬರುವುದು ಕಂದು.

ಬಿಸಿ ಗೋಡಂಬಿ ಹಲ್ಲಿಗೆ ಮೆತ್ತಗೇ ಸಿಗುತ್ತದೆ. ಇನ್ನೂ ಹುರಿದಿಲ್ಲ ಅಂದುಕೊಂಡು ವಾಪಸ್ ಬಾಣಲೆಗೆ ಹಾಕುವವರು ಬಹಳ. ಗರಿಗರಿ ಬರುವುದು ಆರಿದ ಮೇಲೆ. ಐದು ನಿಮಿಷ ಬಿಟ್ಟು ಒಂದನ್ನು ಮುರಿದು ನೋಡಿ, ಟಕ್ ಅಂತ ಮುರಿಯುತ್ತದೆ.

ಬಾಣಲೆಯಲ್ಲಿ ಉಳಿದ ತುಪ್ಪವನ್ನು ಚೆಲ್ಲಬೇಡಿ. ಅದರಲ್ಲೇ ಪಲ್ಯದ ಒಗ್ಗರಣೆ ಹಾಕಿ.

*ಕಡಲೆಬೀಜ.* ಒಂದು ಬಟ್ಟಲು ಬೀಜ, ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ. ಮೊದಲು ಹಸಿ ವಾಸನೆ, ಆಮೇಲೆ ಚಟಪಟ ಸದ್ದು, ಆಮೇಲೆ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ. ಒಂದು ಬೀಜ ತೆಗೆದು ಉಜ್ಜಿದರೆ ಸಿಪ್ಪೆ ಬಿಟ್ಟುಕೊಳ್ಳಬೇಕು, ಬೇಳೆಯ ಒಳಮುಖ ತಿಳಿ ಕೆನೆ ಬಣ್ಣ ದಾಟಿರಬೇಕು. ದೊಡ್ಡ ಉರಿಯಲ್ಲಿ ಹುರಿದರೆ ಸಿಪ್ಪೆ ಸುಟ್ಟಿರುತ್ತದೆ, ಒಳಗೆ ಹಸಿ. ಪುಡಿ ಮಾಡಿದಾಗ ಆ ಹಸಿ ವಾಸನೆ ಎಣ್ಣೆಗಾಯಿಯಲ್ಲಿ ಎದ್ದು ಬರುತ್ತದೆ.

ಪೂರ್ತಿ ಆರಿದ ಮೇಲೆ ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಸಿಪ್ಪೆ ತೆಗೆಯಿರಿ. ಹಳ್ಳಿ ಮನೆಗಳಲ್ಲಿ ಅಂಗಳಕ್ಕೆ ಹೋಗಿ ಕೇರುತ್ತಾರೆ. ಅಪಾರ್ಟ್‌ಮೆಂಟಿನಲ್ಲಾದರೆ ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಸಿಪ್ಪೆ ದೇವರಮನೆಯವರೆಗೂ ಹಾರುತ್ತದೆ.

*ಬಾದಾಮಿ.* ಪಲ್ಯಕ್ಕೆ ನಾನು ಹಾಕುವುದಿಲ್ಲ, ಗಡಸು. ಹಾಕಲೇಬೇಕಾದರೆ ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ಸುಲಿದು, ತೆಳ್ಳಗೆ ಸೀಳಿ, ನೀರು ಆರಿದ ಮೇಲೆ ಹುರಿಯಿರಿ.

ಅರ್ಧ ಕೆಜಿಗಿಂತ ಜಾಸ್ತಿ ಬೀಜ ಇದ್ದರೆ, ಓವನ್ ಇರುವವರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಪದರವಾಗಿ ಹರಡಿ ಹುರಿಯಬಹುದು. ಗೋಡಂಬಿಗೆ ಸುಮಾರು 10 ನಿಮಿಷ, ನಡುವೆ ಒಮ್ಮೆ ತಿರುವಿ, ಎಂಟನೇ ನಿಮಿಷದಿಂದ ನೋಡುತ್ತಿರಿ.

ಬಿಸಿ ಇರುವಾಗ ಡಬ್ಬಕ್ಕೆ ತುಂಬಿ ಮುಚ್ಚಬೇಡಿ. ಒಳಗೆ ಹಬೆ ಕಟ್ಟಿ, ಹುರಿದ ಶ್ರಮವೆಲ್ಲ ವ್ಯರ್ಥ. ತಟ್ಟೆಯ ಅಡಿ ಮುಟ್ಟಿದರೆ ತಣ್ಣಗಿರಬೇಕು, ಆಮೇಲೆ ಮುಚ್ಚಳ.

ಹಂತ 5: ತರಕಾರಿಯ ನೀರು ಇಳಿಸುವುದು

ಬೀಜ ಮೆತ್ತಗಾಗುವುದು ತರಕಾರಿಯ ನೀರಿನಿಂದ. ಹಾಗಾಗಿ ಗರಿಗರಿ ಪಲ್ಯಕ್ಕೆ ತರಕಾರಿ ಒಣಗಿರಬೇಕು.

ಎಲೆಕೋಸನ್ನು ತೊಳೆದು, ಹೆಚ್ಚಿ, ಬಟ್ಟೆಯ ಮೇಲೆ ಹರಡಿ. ಬೇಯಿಸುವಾಗ ನೀರು ಹಾಕಬೇಡಿ, ಉಪ್ಪು ಬಿದ್ದರೆ ಅದೇ ನೀರು ಬಿಡುತ್ತದೆ. ಕೊನೆಯ ಐದು ನಿಮಿಷ ಮುಚ್ಚಳ ತೆಗೆದು ದೊಡ್ಡ ಉರಿ. ಹುರುಳಿಕಾಯಿಯನ್ನು ಬೇರೆ ಬೇಯಿಸಿದರೆ ಜಾಲರಿಯಲ್ಲಿ ಪೂರ್ತಿ ಬಸಿಯಿರಿ.

ಪರೀಕ್ಷೆ ಹೀಗೆ: ಬಾಣಲೆಯ ನಡುವೆ ಪಲ್ಯವನ್ನು ಸೌಟಿನಿಂದ ಎರಡು ಕಡೆಗೆ ಸರಿಸಿ. ಖಾಲಿ ಜಾಗಕ್ಕೆ ನೀರು ಹರಿದು ಬಂದರೆ ಇನ್ನೂ ಆಗಿಲ್ಲ.

ಫ್ರೀಜ್ ಮಾಡಿದ ತೊಂಡೆಕಾಯಿ, ಬೀನ್ಸ್ ಬಳಸುವವರಿಗೆ ಇದು ಇನ್ನೂ ಮುಖ್ಯ. ಅವು ಕರಗುವಾಗ ನೀರು ಜಾಸ್ತಿ ಬಿಡುತ್ತವೆ. ಕರಗಿಸಿ ಇಡಬೇಡಿ, ಗಟ್ಟಿ ಇರುವಾಗಲೇ ಕಾದ ಅಗಲ ಬಾಣಲೆಗೆ ಹಾಕಿ, ಮುಚ್ಚದೆ ಬಾಡಿಸಿ.

ಹಂತ 6: ಸೇರಿಸುವುದು

*ಹುರುಳಿಕಾಯಿ ಅಥವಾ ಎಲೆಕೋಸಿನ ಪಲ್ಯ.* ಒಂದು ಕೆಜಿ ತರಕಾರಿಗೆ 60 ಗ್ರಾಂ ಗೋಡಂಬಿ ಧಾರಾಳ ಆಯಿತು. ಹತ್ತು ಹನ್ನೆರಡು ಎಲೆಗೆ ಬರುತ್ತದೆ. ಒಗ್ಗರಣೆ, ತರಕಾರಿ, ಉಪ್ಪು, ಕಾಯಿತುರಿ, ಈ ಕ್ರಮದಲ್ಲಿ ಪಲ್ಯ ಮುಗಿಸಿ ಇಳಿಸಿ. ಗೋಡಂಬಿ ಡಬ್ಬದಲ್ಲೇ ಇರಲಿ. ನೈವೇದ್ಯಕ್ಕೆ ತೆಗೆಯುವ ಭಾಗಕ್ಕೆ ಆಗಲೇ ಸ್ವಲ್ಪ ಬೆರೆಸಿ. ಉಳಿದದ್ದನ್ನು ಎಲೆ ಹಾಕಿದ ಮೇಲೆ, ಬಡಿಸುವ ಪಾತ್ರೆಗೆ ಪಲ್ಯ ತುಂಬುವಾಗ ಬೆರೆಸಿ. ಮುಕ್ಕಾಲು ಪಾಲು ಒಳಗೆ, ಕಾಲು ಪಾಲು ಮೇಲೆ. ಬಡಿಸಲು ಎರಡನೇ ಸಲ ಪಾತ್ರೆ ತುಂಬುವಾಗ ಮತ್ತೆ ಹೊಸದಾಗಿ ಬೆರೆಸಿ.

*ತೊಂಡೆಕಾಯಿ–ಗೋಡಂಬಿ.* ಇಲ್ಲಿ ಕ್ರಮ ಪೂರ್ತಿ ಉಲ್ಟಾ. ಅರ್ಧ ಕೆಜಿ ಎಳೆ ತೊಂಡೆಕಾಯಿಗೆ 75 ಗ್ರಾಂ ಗೋಡಂಬಿ. ಒಣ ಗೋಡಂಬಿಯಾದರೆ ಹೋಳು ಮಾಡಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ. ಗಣೇಶನ ಹಬ್ಬದ ಹೊತ್ತಿಗೆ ಹಸಿ ಗೋಡಂಬಿ ಸಿಗುವುದಿಲ್ಲ, ಆಗ ಇದೇ ದಾರಿ. ರಾತ್ರಿಯಿಡೀ ನೆನೆಸುವುದಾದರೆ ಫ್ರಿಜ್‌ನಲ್ಲಿ ಇಡಿ, ಹೊರಗೆ ಬಿಟ್ಟರೆ ಹುಳಿ ವಾಸನೆ ಬರುತ್ತದೆ.

ತೊಂಡೆಕಾಯಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಒಳಗೆ ಕೆಂಪಾಗಿದ್ದರೆ ಹಣ್ಣಾಗಿದೆ, ಹುಳಿ ಬರುತ್ತದೆ, ಪಕ್ಕಕ್ಕಿಡಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಮುರಿದ ಒಣಮೆಣಸಿನಕಾಯಿ, ಕರಿಬೇವು. ತೊಂಡೆಕಾಯಿ ಮತ್ತು ನೆನೆದ ಗೋಡಂಬಿ ಒಟ್ಟಿಗೇ ಹಾಕಿ, ಉಪ್ಪು ಬೆರೆಸಿ, ಕೈಯಿಂದ ನಾಲ್ಕು ಹನಿ ನೀರು ಚಿಮುಕಿಸಿ. ಬಾಣಲೆಯ ಮೇಲೆ ಗುಂಡಿ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ಅರ್ಧ ಲೋಟ ನೀರು ಹಾಕಿ. ಏರಿದ ಹಬೆ ತಣ್ಣಗಿನ ತಟ್ಟೆಗೆ ತಾಗಿ ಹನಿಯಾಗಿ ಬಾಣಲೆಗೇ ಬೀಳುತ್ತದೆ. ತರಕಾರಿ ತಳ ಹಿಡಿಯುವುದಿಲ್ಲ, ನೀರಿನಲ್ಲಿ ಮುಳುಗುವುದೂ ಇಲ್ಲ. ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ. ಗೋಡಂಬಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಎರಡಾಗಬೇಕು, ಹಿಟ್ಟಾಗಬಾರದು. ಕೊನೆಗೆ ಒಂದು ಹಿಡಿ ಕಾಯಿತುರಿ.

ಈ ಪಲ್ಯ ಎರಡು ಗಂಟೆ ಕಾದರೂ ಕೆಡುವುದಿಲ್ಲ. ಪೂಜೆ ತಡವಾಗುವ ಮನೆಗಳಿಗೆ ನಾನು ಹೇಳುವುದು ಇದನ್ನೇ.

*ಬದನೆಕಾಯಿ ಎಣ್ಣೆಗಾಯಿ.* ಅರ್ಧ ಕೆಜಿ ಗುಂಡು ಬದನೆಗೆ ಅರ್ಧ ಬಟ್ಟಲು ಹುರಿದ ಶೇಂಗಾ, ಎರಡು ದೊಡ್ಡ ಚಮಚ ಎಳ್ಳು, ಅಷ್ಟೇ ಗುರೆಳ್ಳು, ಕಾಲು ಬಟ್ಟಲು ಒಣಕೊಬ್ಬರಿ. ಪ್ರತಿಯೊಂದನ್ನೂ ಬೇರೆ ಬೇರೆ ಹುರಿಯಿರಿ, ಎಳ್ಳಿಗೆ ಒಂದೆರಡು ನಿಮಿಷ ಸಾಕು.

ಪುಡಿ ಮಾಡುವಾಗ ಮಿಕ್ಸಿಯನ್ನು ಒಂದೇ ಸಮ ಓಡಿಸಬೇಡಿ. ಎರಡು ಸೆಕೆಂಡ್ ಓಡಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ಎರಡು ಸೆಕೆಂಡ್. ಬೀಜ ಬಿಸಿ ಇದ್ದರೆ ಅಥವಾ ಜಾಸ್ತಿ ಓಡಿಸಿದರೆ ಎಣ್ಣೆ ಬಿಟ್ಟು ಜಾರ್‌ನ ಅಂಚಿಗೆ ಹತ್ತಿಕೊಳ್ಳುತ್ತದೆ. ಸಣ್ಣ ರವೆಯಷ್ಟು ತರಿ ಇದ್ದಾಗಲೇ ನಿಲ್ಲಿಸಿ.

ಹುರಿದ ಈರುಳ್ಳಿ, ಹುಣಸೆರಸ, ಬೆಲ್ಲ, ಮಸಾಲೆ ಖಾರ, ಉಪ್ಪಿನೊಂದಿಗೆ ಕಲಸಿ ಬದನೆಗೆ ತುಂಬಿ. ಈರುಳ್ಳಿ ಬೇಡದ ಹಬ್ಬಕ್ಕೆ ಕೊಬ್ಬರಿ ಸ್ವಲ್ಪ ಜಾಸ್ತಿ ಮಾಡಿ. ಎಣ್ಣೆಯಲ್ಲಿ ಬದನೆಯನ್ನು ಎಲ್ಲ ಕಡೆ ತಿರುವಿ ಬಾಡಿಸಿ, ಉಳಿದ ಮಸಾಲೆ ಮತ್ತು ಬಿಸಿನೀರು ಹಾಕಿ, ಮುಚ್ಚಿ, 15ರಿಂದ 20 ನಿಮಿಷ. ಶೇಂಗಾ ತಳಕ್ಕೆ ಬೇಗ ಹತ್ತುತ್ತದೆ, ಆಗಾಗ ಬುಡದಿಂದ ತಿರುವಿ. ಮೇಲೆ ಎಣ್ಣೆ ತೇಲಿದರೆ ಆಯಿತು.

ಇಳಿಸುವಾಗ ಗೊಜ್ಜು ನಿಮಗೆ ಬೇಕಾದ್ದಕ್ಕಿಂತ ನೀರಾಗಿಯೇ ಇರಲಿ. ಆರುತ್ತಾ ಆರುತ್ತಾ ಪುಡಿ ನೀರು ಹೀರುತ್ತದೆ. ಒಲೆಯ ಮೇಲೆ ಸರಿಯಾಗಿ ಕಂಡ ಎಣ್ಣೆಗಾಯಿ ಎಲೆಯ ಮೇಲೆ ಗಟ್ಟಿ ಆಗಿರುತ್ತದೆ. ಬಡಿಸುವ ಮುಂಚೆ ಅರ್ಧ ಲೋಟ ಬಿಸಿನೀರು ಹಾಕಿ ಒಂದು ಕುದಿ ಕೊಡಿ. ತಣ್ಣೀರು ಬೇಡ, ಬೇರೆಯಾಗಿ ನಿಲ್ಲುತ್ತದೆ.

*ಕೋಸಂಬರಿ, ಪಚಡಿ.* ಸೌತೆಕಾಯಿ ಹೆಚ್ಚಿ ಹಿಂಡಿ, ನೆನೆದ ಹೆಸರುಬೇಳೆ ಪೂರ್ತಿ ಬಸಿದು, ಕಾಯಿತುರಿ, ಒಗ್ಗರಣೆ ಬೆರೆಸಿ ಇಡಿ. ಉಪ್ಪು, ನಿಂಬೆರಸ, ಬೀಜ, ಮೂರೂ ಬಡಿಸುವ ಹತ್ತು ನಿಮಿಷದ ಒಳಗೆ. ಉಪ್ಪು ಮೊದಲೇ ಬಿದ್ದರೆ ಪಾತ್ರೆಯ ತಳದಲ್ಲಿ ಕೆರೆ. ಕೋಸಂಬರಿಗೆ ಕಡಲೆಬೀಜವನ್ನು ಇಡಿಯಾಗಿ ಹಾಕುವುದಕ್ಕಿಂತ ಒರಳಲ್ಲಿ ಒಂದೆರಡು ಪೆಟ್ಟು ಕೊಟ್ಟು ಒಡೆದು ಹಾಕಿ.

ಹಂತ 7: ಯಾರು ತಿನ್ನಬಾರದು ಅಂತ ಮೊದಲೇ ಕೇಳಿ

ಹಬ್ಬಕ್ಕೆ ಬರುವವರಲ್ಲಿ ಯಾರಿಗಾದರೂ ಕಡಲೆಬೀಜ, ಗೋಡಂಬಿ, ಎಳ್ಳು ಒಗ್ಗುವುದಿಲ್ಲವೇ ಅಂತ ಹಿಂದಿನ ದಿನವೇ ಕೇಳಿ. ಅಂಥವರಿದ್ದರೆ ಅವರ ಪಾಲಿನ ಪಲ್ಯವನ್ನು ಬೇರೆ ಬಾಣಲೆಯಲ್ಲಿ, ಬೇರೆ ಸೌಟಿನಲ್ಲಿ ಮೊದಲು ಮಾಡಿ ತೆಗೆದಿಡಿ. ಗೋಡಂಬಿ ಹುರಿದ ತುಪ್ಪದ ಒಗ್ಗರಣೆಯೂ ಬೇಡ. ಎಲೆಯ ಮೇಲಿಂದ ಬೀಜ ಆರಿಸಿ ತೆಗೆದರೆ ಸಾಲದು. ತಿಂದ ಮೇಲೆ ತುಟಿ ಊದುವುದು, ಮೈಮೇಲೆ ದದ್ದು, ಉಸಿರು ಕಟ್ಟುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರ ಎಲೆಗೆ ಪುಡಿ ಇರುವ ಪದಾರ್ಥ ಬಡಿಸಿ.

ಕೆಟ್ಟಾಗ ಏನು ಮಾಡಬಹುದು

ಡಬ್ಬದಲ್ಲಿಟ್ಟ ಹುರಿದ ಬೀಜ ಮೆತ್ತಗಾಗಿದ್ದರೆ, ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಒಂದು ನಿಮಿಷ ಬೆಚ್ಚಗೆ ಮಾಡಿ ಹರಡಿ. ವಾಪಸ್ ಬರುತ್ತದೆ. ಪಲ್ಯದೊಳಗೆ ಸೇರಿ ಮೆತ್ತಗಾದದ್ದು ಬರುವುದಿಲ್ಲ, ಆರಿಸಲು ಹೋಗಬೇಡಿ. ಮೇಲೆ ಸ್ವಲ್ಪ ಹೊಸ ಗೋಡಂಬಿ ಹುರಿದು ಹಾಕಿ.

ಗೋಡಂಬಿ ಸೀದರೆ, ಕಪ್ಪಾದವನ್ನು ಮಾತ್ರ ತೆಗೆದರೆ ಸಾಲದು. ತುಪ್ಪವೂ ಕಹಿಯಾಗಿರುತ್ತದೆ, ಎರಡನ್ನೂ ಬಿಡಿ. ಒಗ್ಗರಣೆಗೆ ಸಾಸಿವೆಯ ಜೊತೆ ಗೋಡಂಬಿ ಹಾಕುವ ಅಭ್ಯಾಸ ಇರುವವರಿಗೆ ಇದು ಪದೇ ಪದೇ ಆಗುತ್ತದೆ. ಸಾಸಿವೆ ಸಿಡಿಯುವಷ್ಟು ಕಾದ ಎಣ್ಣೆ ಗೋಡಂಬಿಗೆ ತೀರಾ ಜಾಸ್ತಿ.

ಎಣ್ಣೆಗಾಯಿ ತಳ ಹಿಡಿದ ವಾಸನೆ ಬಂದರೆ ಸೌಟು ಹಾಕಿ ಕೆದಕಬೇಡಿ. ಮೇಲಿನದನ್ನು ಹಗುರವಾಗಿ ಬೇರೆ ಪಾತ್ರೆಗೆ ತೆಗೆದು, ಬಿಸಿನೀರು, ಚೂರು ಬೆಲ್ಲ ಹಾಕಿ ಕುದಿಸಿ.

ಊಟ ಮುಗಿದ ಮೇಲೆ ಉಳಿದ ಪಲ್ಯವನ್ನು ಸಂಜೆಯವರೆಗೆ ಹೊರಗೆ ಇಡಬೇಡಿ. ಕಾಯಿತುರಿ ಬೀಜಕ್ಕಿಂತ ಮೊದಲು ಹಳಸುತ್ತದೆ. ಫ್ರಿಜ್‌ನಲ್ಲಿಟ್ಟು ಮರುದಿನ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿ. ಉಳಿದ ಶೇಂಗಾ ಪುಡಿಗೆ ಉಪ್ಪು, ಒಣಖಾರ, ಬೆಳ್ಳುಳ್ಳಿ ಸೇರಿಸಿ ಕುಟ್ಟಿದರೆ ಚಟ್ನಿಪುಡಿ ಆಯಿತು. ಒದ್ದೆ ಚಮಚ ತಾಗಿಸದೆ ಇಟ್ಟರೆ ಒಂದೆರಡು ವಾರ ರೊಟ್ಟಿಗೆ ನಡೆಯುತ್ತದೆ.